ಮಲ್ಪೆಯ ಲೆಕ್ಕದ ಪುಸ್ತಕದಿಂದ ಔಲ್ ತನಕ: ಟೇಬಲ್‌ಗಳ ನಡುವಿನ ಗೆರೆಯನ್ನು ಬರೆಯುವುದು ಹೇಗೆ

ನನ್ನ ಸೋದರಮಾವ ಮಲ್ಪೆಯಲ್ಲಿ ನಾಲ್ಕು ಬೋಟುಗಳ ಲೆಕ್ಕ ಬರೆಯುತ್ತಾರೆ. ಉದ್ದನೆಯ ಪುಸ್ತಕ. ಎಡಕ್ಕೆ ಬೋಟಿನ ಹೆಸರು, ನಡುವೆ ಮೀನು, ಬಲಕ್ಕೆ ದುಡ್ಡು. ಎರಡು ಮಳೆಗಾಲದ ಹಿಂದೆ, ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯದೆ ದಕ್ಕೆಯಲ್ಲಿ ಸಾಲಾಗಿ ನಿಂತಿರುವ ಆ 61 ದಿನಗಳಲ್ಲಿ, ಇದನ್ನೆಲ್ಲ ಕಂಪ್ಯೂಟರಿಗೆ ಹಾಕಿಕೊಡು ಮಾರಾಯ ಎಂದರು. ಮೊದಲು ಮಾಮೂಲಿ ಡೇಟಾಬೇಸ್ ಮಾಡಿದೆ, ಚೆನ್ನಾಗಿಯೇ ನಡೆಯಿತು. ಆಮೇಲೆ ಐಸ್ ಲೆಕ್ಕ ಸೇರಿತು, ಇನ್ನೊಬ್ಬರು ಬರೆದಿಟ್ಟ ಬೋಟುಗಳ ಪಟ್ಟಿ ಸೇರಿತು. ಒಂದೇ ಬೋಟು ಎರಡು ಕಡೆ ಎರಡು ಹೆಸರಲ್ಲಿ ಬಂತು. ಟೇಬಲ್‌ಗಳು ಒಂದರ ಮಾತು ಇನ್ನೊಂದಕ್ಕೆ ತಿಳಿಯದೆ ಕೂತವು. ಡೇಟಾದ ಅರ್ಥವನ್ನು ಯಂತ್ರಕ್ಕೂ ತಿಳಿಯುವಂತೆ ಬರೆದಿಡುವ ಔಲ್ ಎಂಬ ಭಾಷೆಯ ಕಡೆಗೆ ನಾನು ಬಂದದ್ದು ಹಾಗೆ.

ಇದು ಟೇಬಲ್, ಕಾಲಂ, ಫಾರಿನ್ ಕೀ ಅಂದರೆ ಏನು ಅಂತ ಗೊತ್ತಿರುವವರಿಗಾಗಿ ಬರೆದದ್ದು. ಡೇಟಾ ಮಾಡೆಲ್ ಚಿತ್ರದಲ್ಲಿ ಎರಡು ಪೆಟ್ಟಿಗೆಗಳ ನಡುವೆ ಒಂದು ಗೆರೆ ಎಳೆಯುತ್ತೇವೆ ಅಲ್ವಾ, ಆ ಗೆರೆಯನ್ನು ಔಲ್‌ನಲ್ಲಿ ಹೇಗೆ ಬರೆಯುವುದು ಎನ್ನುವುದಷ್ಟೇ ಇಲ್ಲಿನ ವಿಷಯ. ಚಿತ್ರದಲ್ಲಿ ಗೆರೆ ಸುಮ್ನೆ ಗೆರೆ. ಅದರ ಅರ್ಥ ಎಳೆದವರ ತಲೆಯಲ್ಲಿರುತ್ತದೆ, ಅಥವಾ ಪ್ರೋಗ್ರಾಂ ಒಳಗೆ ಎಲ್ಲೋ ಹೂತಿರುತ್ತದೆ. ಔಲ್‌ನಲ್ಲಿ ಆ ಅರ್ಥವನ್ನು ಡೇಟಾದ ಪಕ್ಕದಲ್ಲೇ ಬರೆದಿಡಬಹುದು, ಯಂತ್ರ ಅದನ್ನು ಓದಿ ಹೊಸ ಮಾತು ಕಟ್ಟಬಹುದು.

ಒಂದು ವಿಷಯ ಮೊದಲೇ ಹೇಳುತ್ತೇನೆ, ಯಾಕೆಂದರೆ ಇದು ತಿಳಿಯದೆ ನಾನು ಎರಡು ತಿಂಗಳು ಕಳೆದೆ. ಡೇಟಾಬೇಸ್ ಬಾಗಿಲಲ್ಲಿ ನಿಂತು ಪರೀಕ್ಷೆ ಮಾಡುತ್ತದೆ, ತಪ್ಪು ಸಾಲು ಬಂದರೆ ವಾಪಸ್ ಕಳಿಸುತ್ತದೆ. ಔಲ್ ಹಾಗೆ ಮಾಡುವುದಿಲ್ಲ. ನೀವು ಹೇಳಿದ್ದನ್ನೆಲ್ಲ ನಿಜ ಎಂದು ನಂಬುತ್ತದೆ, ನಂಬಿ ಮುಂದಿನ ತೀರ್ಮಾನಕ್ಕೆ ಹೋಗುತ್ತದೆ. ಹಾಗಾಗಿ ಪ್ರತಿ ಗೆರೆ ಬರೆಯುವಾಗಲೂ ಒಂದೇ ಪ್ರಶ್ನೆ ಕೇಳಿಕೊಳ್ಳಿ: ನಾನು ಇದನ್ನು ಬರೆದರೆ ಯಂತ್ರ ಏನು ತೀರ್ಮಾನಿಸುತ್ತದೆ?

ಶುರು ಮಾಡುವ ಮೊದಲು

ಔಲ್ ಎಂದರೆ ವೆಬ್ ಆಂಟಾಲಜಿ ಭಾಷೆ. ಆಂಟಾಲಜಿ ಅಂದರೆ ಒಂದು ವಿಷಯದಲ್ಲಿ ಏನೇನಿದೆ, ಒಂದಕ್ಕೊಂದು ಏನು ಸಂಬಂಧ ಎಂಬ ವಿವರಣೆ. ವೆಬ್‌ನ ಮಾನದಂಡಗಳನ್ನು ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆ 2004ರಲ್ಲಿ ಇದನ್ನು ಹೊರತಂದಿತು, 2009ರಲ್ಲಿ ಔಲ್ 2 ಬಂತು. ಇಲ್ಲಿ ಹೇಳುವ ಕೆಲವು ಸೌಲಭ್ಯಗಳು ಔಲ್ 2ರಲ್ಲಿ ಮಾತ್ರ ಇವೆ, ಹಳೆಯ ಪಾಠಗಳನ್ನು ಓದುವಾಗ ಅದು ನೆನಪಿರಲಿ. ಬರೆಯಲು ಪ್ರೊಟೇಜೆ ಎಂಬ ಪ್ರೋಗ್ರಾಂ ಸಾಕು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಮಾಡಿದ್ದು, ದುಡ್ಡು ಕೊಡಬೇಕಿಲ್ಲ, ಹರ್ಮಿಟ್ ಎಂಬ ರೀಸನರ್, ಅಂದರೆ ಬರೆದ ಮಾತುಗಳಿಂದ ತೀರ್ಮಾನ ಕಟ್ಟುವ ಪ್ರೋಗ್ರಾಂ, ಅದರ ಜೊತೆಗೇ ಬರುತ್ತದೆ. ಔಲ್‌ನ ಸ್ವಂತ ಪದಗಳು ಫೈಲಿನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಇರುತ್ತವೆ. ಇಲ್ಲಿ ಓದಲು ಸುಲಭ ಆಗಲಿ ಅಂತ ಎಲ್ಲವನ್ನೂ ಕನ್ನಡದಲ್ಲಿ ಬರೆದಿದ್ದೇನೆ.

ಪ್ರೊಟೇಜೆ ತೆರೆಯುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ನಿಮ್ಮ ಡೇಟಾ ಬಗ್ಗೆ ಗೊತ್ತಿರುವವರ ಹತ್ತಿರ ಕೂತು, ಅವರು ಹೇಳಿದ ಹಾಗೆಯೇ ವಾಕ್ಯ ಬರೆದುಕೊಳ್ಳಿ. ಮಾವ ಹೇಳಿದ್ದರಲ್ಲಿ ಕೆಲವು ಇವು: ಒಂದು ಬೋಟಿಗೆ ಮೂರು ನಾಲ್ಕು ಜನ ಪಾಲುದಾರರು ಇರಬಹುದು, ಒಬ್ಬೊಬ್ಬರ ಪಾಲು ಬೇರೆ. ಒಂದು ಟ್ರಿಪ್ ಅಂದರೆ ಒಂದೇ ಬೋಟು. ಬೋಟು ನಡೆಸುವ ತಾಂಡೇಲ ಸೀಸನ್‌ಗೆ ಒಬ್ಬ, ಕೆಲವೊಮ್ಮೆ ನಡುವೆಯೇ ಬದಲಾಗುತ್ತಾನೆ. ಬೋಟು ಸಾಮಾನ್ಯವಾಗಿ ಮಲ್ಪೆಯಲ್ಲೇ ಮೀನು ಇಳಿಸುತ್ತದೆ, ಗಾಳಿ ಜಾಸ್ತಿ ಇದ್ದರೆ ಗಂಗೊಳ್ಳಿಯಲ್ಲೋ ಮಂಗಳೂರಿನಲ್ಲೋ ಇಳಿಸುತ್ತದೆ. ಮೀನು ಏಲಂ ಆಗುತ್ತದೆ.

ಈ ವಾಕ್ಯಗಳಲ್ಲಿರುವ ಕ್ರಿಯಾಪದಗಳೇ ನಿಮ್ಮ ಗೆರೆಗಳು. "ಇಳಿಸುತ್ತದೆ", "ಪಾಲು ಇದೆ", "ನಡೆಸುತ್ತಾನೆ". ಗೆರೆಗೆ ಕ್ರಿಯಾಪದ ಸಿಗದಿದ್ದರೆ ಆ ಗೆರೆ ಏನು ಹೇಳುತ್ತದೆ ಅಂತ ನಿಮಗೇ ಇನ್ನೂ ಸ್ಪಷ್ಟವಾಗಿಲ್ಲ ಎಂದು ಅರ್ಥ, ಮತ್ತೆ ಹೋಗಿ ಕೇಳಿ.

ಟೇಬಲ್, ಸಾಲು, ಕಾಲಂ

ಇದು ಸುಲಭದ ಭಾಗ. ಟೇಬಲ್ ಒಂದು ಕ್ಲಾಸ್ ಆಗುತ್ತದೆ: ಬೋಟು, ವ್ಯಕ್ತಿ, ಟ್ರಿಪ್, ಬಂದರು. ಸಾಲು ಒಂದು ಇಂಡಿವಿಜುವಲ್. ಸಂಖ್ಯೆಯೋ ಪಠ್ಯವೋ ಇರುವ ಕಾಲಂ ಡೇಟಾ ಪ್ರಾಪರ್ಟಿ. ಇನ್ನೊಂದು ಟೇಬಲ್‌ಗೆ ಕೈ ತೋರಿಸುವ ಫಾರಿನ್ ಕೀ ಆಬ್ಜೆಕ್ಟ್ ಪ್ರಾಪರ್ಟಿ. ಪ್ರತಿ ಮಾತೂ ಮೂರು ತುಂಡಿನ ಒಂದು ಟ್ರಿಪಲ್:

ಟ್ರಿಪ್41 → ಬೋಟು → ಬೋಟು3
ಟ್ರಿಪ್41 → ಇಳಿಸಿದ ಬಂದರು → ಮಲ್ಪೆ ಬಂದರು

ಟೇಬಲ್‌ನಲ್ಲಿ ಫಾರಿನ್ ಕೀ ಒಂದು ಟೇಬಲ್‌ನ ಒಳಗೆ ಕೂತಿರುತ್ತದೆ. ಇಲ್ಲಿ ಪ್ರಾಪರ್ಟಿ ಯಾರ ಮನೆಯೊಳಗೂ ಇಲ್ಲ, ಅದಕ್ಕೆ ಸ್ವಂತ ವಿಳಾಸ (ವೆಬ್ ವಿಳಾಸದಂಥ ಗುರುತು) ಇದೆ. ಬೋಟು ಕ್ಲಾಸ್ ಅಳಿಸಿದರೂ "ಇಳಿಸಿದ ಬಂದರು" ಹಾಗೇ ಉಳಿಯುತ್ತದೆ. ಇದು ಚಿಕ್ಕ ವಿಷಯ ಅನ್ನಿಸಬಹುದು, ಮುಂದೆ ಡೊಮೇನ್ ವಿಷಯಕ್ಕೆ ಬಂದಾಗ ಇದೇ ನಮ್ಮನ್ನು ಹಿಡಿಯುತ್ತದೆ.

ಹೆಸರಿನ ಬಗ್ಗೆ ಒಂದು ಮಾತು. ಪ್ರಾಪರ್ಟಿಗಳ ವಿಳಾಸದಲ್ಲಿ ಕನ್ನಡ ಅಕ್ಷರ ಬಳಸಬಹುದು, ಟ್ರಿಪಲ್‌ಗಳನ್ನು ಬರೆದಿಡುವ ಟರ್ಟಲ್ ಫೈಲ್ ಅದನ್ನು ಒಪ್ಪುತ್ತದೆ. ಆದರೂ ನಾನು ಬಿಟ್ಟೆ, ಅದಕ್ಕೆ ಕಾರಣ ಇದೆ. ಕನ್ನಡ ಬರೆಯುವಾಗ ಅರ್ಧಾಕ್ಷರ ಒತ್ತಾಗದಿರಲಿ ಅಂತ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಹಾಕುತ್ತೇವೆ. "ಔಲ್‌ನಲ್ಲಿ" ಎಂದು ಈಗ ಬರೆದೆನಲ್ಲ, ಅದರೊಳಗೇ ಒಂದಿದೆ. ವಿಳಾಸಗಳನ್ನು ಯಂತ್ರ ಅಕ್ಷರಕ್ಕೆ ಅಕ್ಷರ ಹೋಲಿಸುತ್ತದೆ. ಒಬ್ಬರು ಆ ಕಾಣದ ಅಕ್ಷರ ಹಾಕಿ, ಇನ್ನೊಬ್ಬರು ಬಿಟ್ಟರೆ ಎರಡು ಬೇರೆ ಪ್ರಾಪರ್ಟಿ ಆಯಿತು, ಎಷ್ಟು ಹುಡುಕಿದರೂ ತಪ್ಪು ಕಾಣುವುದಿಲ್ಲ. ಅದಕ್ಕೆ ವಿಳಾಸವನ್ನು ಸರಳವಾಗಿಟ್ಟು, ಓದುವ ಹೆಸರನ್ನು ಲೇಬಲ್ ಆಗಿ ಕೊಡಿ. ಲೇಬಲ್‌ಗೆ ಭಾಷೆಯ ಗುರುತು ಹಾಕಬಹುದು: ಕನ್ನಡಕ್ಕೆ ಕೆಎನ್, ತುಳುವಿಗೆ ಟಿಸಿವೈ, ಕೊಂಕಣಿಗೆ ಕೆಒಕೆ. ನಮ್ಮ ಊರಿಗೆ ಇದು ದೊಡ್ಡ ಉಪಕಾರ. ಒಂದೇ ಮೀನು ಒಬ್ಬರಿಗೆ ಬೂತಾಯಿ, ಇನ್ನೊಬ್ಬರಿಗೆ ಬೈಗೆ, ಮತ್ತೊಬ್ಬರಿಗೆ ತಾರ್ಲೆ. ವಿಳಾಸ ಒಂದೇ, ಲೇಬಲ್ ಮೂರು. ಮಾವನ ಪುಸ್ತಕದಲ್ಲಿ ಇವನ್ನು ಬೇರೆ ಬೇರೆ ಮೀನು ಎಂದು ಎಣಿಸಿದ ಪುಟಗಳಿದ್ದವು, ಬರೆದವರು ಬೇರೆ ಬೇರೆಯಾಗಿದ್ದರು ಅಷ್ಟೇ.

ಗೆರೆಗೇ ಹೇಳಲು ಮಾತಿದ್ದಾಗ

ಹಲವು-ಹಲವು ಸಂಬಂಧಕ್ಕೆ ಡೇಟಾಬೇಸ್‌ನಲ್ಲಿ ನಡುವೆ ಒಂದು ಟೇಬಲ್ ಬೇಕೇ ಬೇಕು. ಬೋಟುಗಳು ಹಲವು, ಬಂದರುಗಳು ಹಲವು, ನಡುವೆ ಎರಡು ಕಾಲಂನ ಟೇಬಲ್. ಔಲ್‌ನಲ್ಲಿ ಈ ನಡುವಿನ ಟೇಬಲ್ ಬೇಡ. "ಬಳಸುವ ಬಂದರು" ಎಂಬ ಒಂದೇ ಪ್ರಾಪರ್ಟಿಯನ್ನು ಎಷ್ಟು ಸಲ ಬೇಕಾದರೂ ಬರೆಯಿರಿ, ಮುಗಿಯಿತು.

ಆದರೆ ನಡುವಿನ ಟೇಬಲ್‌ನಲ್ಲಿ ಮೂರನೆಯ ಕಾಲಂ ಇದೆಯಾ ನೋಡಿ. ಪಾಲುದಾರರ ಟೇಬಲ್‌ನಲ್ಲಿ ಬೋಟು, ವ್ಯಕ್ತಿ, ಜೊತೆಗೆ "ಕಾಲು ಭಾಗ" ಇದೆ, "ಯಾವಾಗಿನಿಂದ" ಇದೆ. ಈ ಕಾಲು ಭಾಗವನ್ನು ಎಲ್ಲಿ ಇಡುತ್ತೀರಿ? ಬೋಟಿನ ಮೇಲೆ ಇಟ್ಟರೆ ಯಾರ ಕಾಲು ಭಾಗ ಅಂತ ಗೊತ್ತಾಗುವುದಿಲ್ಲ. ವ್ಯಕ್ತಿಯ ಮೇಲೆ ಇಟ್ಟರೆ ಯಾವ ಬೋಟಿನಲ್ಲಿ ಅಂತ ಗೊತ್ತಾಗುವುದಿಲ್ಲ. ಟ್ರಿಪಲ್‌ನಲ್ಲಿ ಮೂರೇ ಜಾಗ, ನಾಲ್ಕನೆಯದಕ್ಕೆ ಎಡೆ ಇಲ್ಲ. ಆಗ ಸಂಬಂಧವನ್ನೇ ಒಂದು ವಸ್ತು ಮಾಡಬೇಕು. "ಪಾಲು" ಎಂಬ ಕ್ಲಾಸ್ ಮಾಡಿ, ಪ್ರತಿ ಪಾಲಿಗೂ ಒಂದು ಇಂಡಿವಿಜುವಲ್ ಕೊಡಿ:

ಬೋಟು3 → ಪಾಲು ಇದೆ → ಪಾಲು12
ಪಾಲು12 → ಪಾಲುದಾರ → ವ್ಯಕ್ತಿ7
ಪಾಲು12 → ಭಾಗ → 0.25
ಪಾಲು12 → ಶುರುವಾದ ವರ್ಷ → 2019

ಡಬ್ಲ್ಯೂ3ಸಿ 2006ರಲ್ಲೇ ಈ ಬಗೆಯನ್ನು ಒಂದು ಟಿಪ್ಪಣಿಯಾಗಿ ಬರೆದಿಟ್ಟಿದೆ, ಇವತ್ತಿಗೂ ಕೆಲಸಕ್ಕೆ ಬರುವ ಬಗೆ ಇದೇ. ತಾಂಡೇಲನಿಗೂ ಇದನ್ನೇ ಮಾಡಿದೆ. ಮೊದಲು "ಬೋಟು3 → ತಾಂಡೇಲ → ವ್ಯಕ್ತಿ9" ಎಂದು ನೇರವಾಗಿ ಬರೆದಿದ್ದೆ. ಮುಂದಿನ ಆಗಸ್ಟ್‌ನಲ್ಲಿ ತಾಂಡೇಲ ಬದಲಾದ. ಹಳೆಯದನ್ನು ಅಳಿಸಿದರೆ ಹೋದ ಸೀಸನ್‌ನ ಲೆಕ್ಕ ಸುಳ್ಳಾಗುತ್ತದೆ, ಅಳಿಸದಿದ್ದರೆ ಬೋಟಿಗೆ ಇಬ್ಬರು ತಾಂಡೇಲರು. ಕಾಲದ ಜೊತೆ ಬದಲಾಗುವ ಸಂಬಂಧ ಯಾವುದೇ ಇರಲಿ, ಅದನ್ನು ವಸ್ತು ಮಾಡಿಬಿಡಿ. ಆಮೇಲೆ ಬದಲಿಸುವ ಕಷ್ಟಕ್ಕಿಂತ ಈಗ ಎರಡು ಸಾಲು ಜಾಸ್ತಿ ಬರೆಯುವುದು ಎಷ್ಟೋ ವಾಸಿ.

ಹಾಗಾದರೆ "ಈ ಬೋಟಿನ ಮಾಲೀಕರು ಯಾರು" ಎಂದು ಕೇಳಿದಾಗಲೆಲ್ಲ ಎರಡು ಹೆಜ್ಜೆ ಹಾಕಬೇಕಾ? ಬೇಡ. ಔಲ್ 2ರಲ್ಲಿ ಪ್ರಾಪರ್ಟಿ ಚೈನ್ ಇದೆ. "ಪಾಲು ಇದೆ" ಮತ್ತು "ಪಾಲುದಾರ" ಒಂದರ ಹಿಂದೆ ಒಂದು ಬಂದರೆ ಅದು "ಮಾಲೀಕ" ಎಂದು ಒಮ್ಮೆ ಬರೆದಿಡಿ. ನೀವು ಎಲ್ಲೂ ಬರೆಯದಿದ್ದರೂ ಬೋಟು3ರ ಮಾಲೀಕ ವ್ಯಕ್ತಿ7 ಎಂದು ರೀಸನರ್ ತಾನೇ ಹೇಳುತ್ತದೆ. ಈಗ ನಮ್ಮ ಪ್ರಶ್ನೆ ಕೇಳಿಕೊಳ್ಳಿ, ಯಂತ್ರ ಏನು ತೀರ್ಮಾನಿಸುತ್ತದೆ? ಚೈನ್ ವರ್ಷ ನೋಡುವುದಿಲ್ಲ. ಐದು ವರ್ಷದ ಹಿಂದೆ ಪಾಲು ಮಾರಿದವರೂ ಮಾಲೀಕರ ಪಟ್ಟಿಗೆ ಬರುತ್ತಾರೆ. ಅದು ಬೇಡ ಅಂದರೆ ಈಗ ನಡೆಯುತ್ತಿರುವ ಪಾಲುಗಳಿಗೆ ಬೇರೆ ಪ್ರಾಪರ್ಟಿ ಇಟ್ಟು, ಅದರ ಮೇಲೆ ಮಾತ್ರ ಚೈನ್ ಕಟ್ಟಿ. ಹಾಗೆಯೇ ಎಲ್ಲ ಪಾಲು ಕೂಡಿದರೆ ಒಂದು ಆಗುತ್ತದಾ ಎಂದು ನೋಡುವುದು ಔಲ್‌ನ ಕೆಲಸ ಅಲ್ಲ, ಅದಕ್ಕೆ ಕೂಡಿಸಲು ಬರುವುದಿಲ್ಲ. ಟ್ರಿಪಲ್‌ಗಳಿಗೆ ಪ್ರಶ್ನೆ ಕೇಳುವ ಭಾಷೆಯಾದ ಸ್ಪಾರ್ಕಲ್‌ನ ಕ್ವೆರಿಯಲ್ಲಿ ಕೂಡಿಸಿ ನೋಡಿ.

ಡೊಮೇನ್ ಮತ್ತು ರೇಂಜ್: ಐಸ್ ಮೀನಾದ ದಿನ

ಪ್ರೊಟೇಜೆಯಲ್ಲಿ ಪ್ರಾಪರ್ಟಿ ಮಾಡುವಾಗ ಡೊಮೇನ್, ರೇಂಜ್ ಎಂಬ ಎರಡು ಜಾಗ ಕಾಣುತ್ತವೆ. ಟೇಬಲ್ ಅಭ್ಯಾಸ ಇರುವವರ ಕೈ ತಾನಾಗಿ ಅಲ್ಲಿಗೆ ಹೋಗುತ್ತದೆ, ಈ ಕಾಲಂ ಯಾವ ಟೇಬಲ್‌ನದ್ದು ಅಂತ ಹೇಳುವ ಜಾಗ ಅದು ಎಂದುಕೊಳ್ಳುತ್ತೇವೆ. ನಾನೂ ಹಾಗೇ "ತೂಕ" ಎಂಬ ಪ್ರಾಪರ್ಟಿ ಮಾಡಿ ಡೊಮೇನ್‌ನಲ್ಲಿ "ಮೀನಿನ ರಾಶಿ" ಎಂದು ಹಾಕಿದೆ. ತಿಂಗಳ ನಂತರ ಐಸ್ ಲೆಕ್ಕ ಸೇರಿಸಿದಾಗ ಅದಕ್ಕೂ "ತೂಕ"ವನ್ನೇ ಬಳಸಿದೆ. ಯಾವ ತಪ್ಪೂ ಬರಲಿಲ್ಲ. ಬದಲಿಗೆ ಐಸ್ ಎಲ್ಲ ಮೀನಿನ ರಾಶಿ ಎಂದು ರೀಸನರ್ ತೀರ್ಮಾನಿಸಿತು, ಒಟ್ಟು ಮೀನಿನ ಲೆಕ್ಕಕ್ಕೆ ಐಸೂ ಸೇರಿಕೊಂಡಿತು.

ಯಾಕೆ ಹೀಗಾಯಿತು ಅಂದರೆ, ಡೊಮೇನ್ ಹೇಳುವ ಮಾತು "ತೂಕ ಇರುವುದು ಯಾವುದೇ ಆಗಲಿ, ಅದು ಮೀನಿನ ರಾಶಿ" ಎಂದು. ತಡೆ ಹಾಕುವ ಮಾತಲ್ಲ, ತೀರ್ಮಾನದ ಮಾತು. ರೇಂಜ್ ಕೂಡ ಹಾಗೇ, ಗೆರೆಯ ಆ ಕಡೆ ಏನಿದೆಯೋ ಅದರ ಬಗ್ಗೆ.

ಇನ್ನೊಂದು ಗುಂಡಿ ಇದೆ. ಡೊಮೇನ್‌ನಲ್ಲಿ ಎರಡು ಕ್ಲಾಸ್ ಹಾಕಿದರೆ "ಇದು ಅಥವಾ ಅದು" ಅಲ್ಲ, "ಇದೂ ಹೌದು ಅದೂ ಹೌದು". "ಡೀಸೆಲ್ ಹಾಕಿಸಿದ್ದು" ಎಂಬುದಕ್ಕೆ ಬೋಟು, ಲಾರಿ ಎರಡನ್ನೂ ಬೇರೆ ಬೇರೆಯಾಗಿ ಸೇರಿಸಿದರೆ, ಡೀಸೆಲ್ ಹಾಕಿಸಿದ ಪ್ರತಿಯೊಂದೂ ಬೋಟೂ ಹೌದು ಲಾರಿಯೂ ಹೌದು. "ಬೋಟು ಅಥವಾ ಲಾರಿ" ಎಂದು ಒಂದೇ ಮಾತಾಗಿ ಬರೆಯಬೇಕು.

ನನ್ನ ಸಲಹೆ: ತೂಕ, ದಿನ, ಬೆಲೆ ಇಂಥ ಎಲ್ಲ ಕಡೆ ಬರುವ ಪ್ರಾಪರ್ಟಿಗಳಿಗೆ ಡೊಮೇನ್ ಹಾಕಲೇಬೇಡಿ. "ಪಾಲುದಾರ" ಇಂಥವಕ್ಕೆ ಹಾಕಿ, ಯಾಕೆಂದರೆ ಅದು ಪಾಲಿಗೆ ಬಿಟ್ಟರೆ ಬೇರೆಲ್ಲೂ ಬರುವುದಿಲ್ಲ. ಮತ್ತು ಡಿಸ್‌ಜಾಯಿಂಟ್ ಬರೆಯಿರಿ. ಐಸ್ ಬೇರೆ, ಮೀನಿನ ರಾಶಿ ಬೇರೆ, ವ್ಯಕ್ತಿ ಬೇರೆ, ಬೋಟು ಬೇರೆ, ಯಾವುದೂ ಇನ್ನೊಂದು ಆಗಲಾರದು ಎಂದು. ನಮಗೆ ಇದು ಹೇಳಬೇಕಾದ ಮಾತೇ ಅಲ್ಲ ಅನ್ನಿಸುತ್ತದೆ, ಯಂತ್ರಕ್ಕೆ ಹೇಳದಿದ್ದರೆ ತಿಳಿಯುವುದಿಲ್ಲ. ಅದೊಂದು ಸಾಲು ಮೊದಲೇ ಇದ್ದಿದ್ದರೆ ಐಸ್ ಮೀನಾದ ಕ್ಷಣವೇ ರೀಸನರ್ ಎದುರುಬದುರು ಮಾತು ಇದೆ ಎಂದು ಕೂಗುತ್ತಿತ್ತು.

ಎಷ್ಟು? ಒಂದೇನಾ?

ಚಿತ್ರದಲ್ಲಿ ಗೆರೆಯ ತುದಿಗೆ 1 ಎಂದೋ ನಕ್ಷತ್ರ ಎಂದೋ ಬರೆಯುತ್ತೇವೆ. ಅದನ್ನು ತರುವುದು ಮೇಲ್ನೋಟಕ್ಕೆ ಸುಲಭ. ಒಂದು-ಹಲವು ಸಂಬಂಧದಲ್ಲಿ "ಹಲವು" ಇರುವ ಕಡೆಯಿಂದ "ಒಂದು" ಇರುವ ಕಡೆಗೆ ಹೋಗುವ ಪ್ರಾಪರ್ಟಿಯನ್ನು ಫಂಕ್ಷನಲ್ (ಒಂದಕ್ಕೆ ಒಂದೇ ಉತ್ತರ) ಎಂದು ಗುರುತಿಸಿ. ಟ್ರಿಪ್‌ನಿಂದ ಬೋಟಿಗೆ ಹೋಗುವುದು ಫಂಕ್ಷನಲ್, ಬೋಟಿನಿಂದ ಟ್ರಿಪ್‌ಗೆ ಬರುವುದು ಅದರ ಇನ್ವರ್ಸ್, ಅಂದರೆ ಅದೇ ಗೆರೆ ತಿರುಗಿಸಿದ್ದು. ಒಂದು ದಿಕ್ಕು ಮಾತ್ರ ಡೇಟಾದಲ್ಲಿ ಬರೆಯಿರಿ, ಇನ್ನೊಂದು ತಾನಾಗಿ ಬರುತ್ತದೆ. ಒಂದು ಕ್ಲಾಸ್‌ಗೆ ಮಾತ್ರ ಲೆಕ್ಕ ಹೇಳಬೇಕಾದರೆ "ಮಿನ್", "ಮ್ಯಾಕ್ಸ್", "ಎಕ್ಸಾಕ್ಟ್‌ಲಿ" ಇವೆ.

ಈಗ ಕಷ್ಟದ ಭಾಗ. ಟ್ರಿಪ್‌ನ ತಾಂಡೇಲ ಒಬ್ಬನೇ ಎಂದು ಫಂಕ್ಷನಲ್ ಹಾಕಿದ್ದೆ. ಒಂದು ಟ್ರಿಪ್‌ಗೆ ಮಾವ ಒಬ್ಬರ ಹೆಸರು ಬರೆದಿದ್ದರು, ಬೋಟಿನ ಇನ್ನೊಂದು ಚೀಟಿಯಲ್ಲಿ ಬೇರೆಯವರ ಹೆಸರು ಇತ್ತು, ನಿಜಕ್ಕೂ ಅವರು ಬೇರೆ ಬೇರೆ ಜನ. ಡೇಟಾಬೇಸ್ ಆಗಿದ್ದರೆ ಎರಡನೆಯದನ್ನು ಒಪ್ಪುತ್ತಿರಲಿಲ್ಲ. ಔಲ್ ಏನು ಮಾಡಿತು ಗೊತ್ತಾ? ತಾಂಡೇಲ ಒಬ್ಬನೇ, ಎರಡು ಹೆಸರು ಬಂದಿವೆ, ಹಾಗಾದರೆ ಇವರಿಬ್ಬರೂ ಒಬ್ಬರೇ ಎಂದು ತೀರ್ಮಾನಿಸಿತು. ಒಬ್ಬರ ಪಾಲು ಇನ್ನೊಬ್ಬರಿಗೆ, ಇವರ ತಾಯಿ ಅವರಿಗೆ. ಔಲ್ ಪ್ರಕಾರ ಎರಡು ಹೆಸರು ಒಂದೇ ವಸ್ತುವಿಗೆ ಇರಬಹುದು, ಬೇರೆ ಎಂದು ನೀವು ಹೇಳುವ ತನಕ. ನಮ್ಮ ಊರಲ್ಲೂ ಹಾಗೇ ಅಲ್ವಾ, ರೇಷನ್ ಕಾರ್ಡಿನಲ್ಲಿ ಒಂದು ಹೆಸರು, ಮನೆಯಲ್ಲಿ ಕರೆಯುವುದು ಇನ್ನೊಂದು. ಬೇರೆ ಬೇರೆ ಜನ ಎಂದು ಗೊತ್ತಿದ್ದರೆ "ಎಲ್ಲರೂ ಬೇರೆ" ಎಂಬ ಮಾತನ್ನು ಬರೆಯಬೇಕು, ಆಗ ಇಂಥದ್ದು ತಪ್ಪು ಎಂದು ಹೊರಬೀಳುತ್ತದೆ. ಫಂಕ್ಷನಲ್ ಎಂದು ಗುರುತಿಸಿದ ಡೇಟಾ ಪ್ರಾಪರ್ಟಿಯಲ್ಲಿ ಈ ಸಮಸ್ಯೆ ಇಲ್ಲ: ಒಂದೇ ರಾಶಿಗೆ 120 ಮತ್ತು 125 ಎಂದು ಎರಡು ತೂಕ ಬಂದರೆ, ಆ ಎರಡು ಸಂಖ್ಯೆ ಒಂದೇ ಆಗಲು ಸಾಧ್ಯವಿಲ್ಲ, ತಕ್ಷಣ ತಪ್ಪು ತೋರಿಸುತ್ತದೆ.

ಇದೇ ಗುಣ ಒಮ್ಮೊಮ್ಮೆ ವರವೂ ಹೌದು. ಎರಡು ಪಟ್ಟಿಗಳಲ್ಲಿ ಒಂದೇ ಬೋಟು ಬೇರೆ ಹೆಸರಲ್ಲಿ ಇತ್ತಲ್ಲ, ನೋಂದಣಿ ಸಂಖ್ಯೆಯನ್ನು ಬೋಟು ಕ್ಲಾಸ್‌ನ ಕೀ ಎಂದು ಗುರುತಿಸಿದೆ. ಸಂಖ್ಯೆ ಒಂದೇ ಇದ್ದ ಜೋಡಿಗಳೆಲ್ಲ ತಾವಾಗಿ ಒಂದಾದವು. ನಾನು ಔಲ್ ಕಲಿತದ್ದು ಸಾರ್ಥಕ ಅನ್ನಿಸಿದ್ದು ಆ ಸಂಜೆ. ನೋಂದಣಿ ಸಂಖ್ಯೆ ಡೇಟಾ ಪ್ರಾಪರ್ಟಿ, ಅದನ್ನು ಇನ್ವರ್ಸ್ ಫಂಕ್ಷನಲ್ (ಒಂದು ಸಂಖ್ಯೆ ಒಂದೇ ವಸ್ತುವಿಗೆ) ಮಾಡಲು ಔಲ್ ಡಿಎಲ್, ಅಂದರೆ ರೀಸನರ್‌ಗೆ ನಿಭಾಯಿಸಲು ಬರುವಂತೆ ಮಿತಿ ಹಾಕಿದ ಔಲ್, ಬಿಡುವುದಿಲ್ಲ, ಅದಕ್ಕೇ ಕೀ ಬೇಕು.

"ಕನಿಷ್ಠ ಒಂದು" ಎನ್ನುವುದು ಇನ್ನೂ ಸೂಕ್ಷ್ಮ. ಪ್ರತಿ ಟ್ರಿಪ್‌ಗೂ ಕನಿಷ್ಠ ಒಂದು ಬಂದರು ಇರಬೇಕು ಎಂದು ಬರೆದು, ಬಂದರೇ ಇಲ್ಲದ ಟ್ರಿಪ್ ಹಾಕಿ ನೋಡಿ. ರೀಸನರ್ ಸುಮ್ಮನಿರುತ್ತದೆ. ಬಂದರು ಒಂದು ಇದೆ, ಯಾವುದು ಅಂತ ನನಗಿನ್ನೂ ತಿಳಿದಿಲ್ಲ ಎಂದಷ್ಟೇ ಅದರ ಲೆಕ್ಕ. ಪುಸ್ತಕದಲ್ಲಿ ಒಂದು ಮನೆ ಖಾಲಿ ಇದೆ ಎಂದರೆ ಮೀನು ಸಿಗಲಿಲ್ಲ ಎಂದಲ್ಲ, ಇನ್ನೂ ಬರೆದಿಲ್ಲ ಎಂದೂ ಇರಬಹುದು. ಮಾವ ಇದನ್ನು ಒಂದೇ ಸಲಕ್ಕೆ ಒಪ್ಪಿದರು, ನನಗೆ ಒಪ್ಪಲು ದಿನ ಹಿಡಿಯಿತು.

ಖಾಲಿ ಮನೆಗಳನ್ನು ಹಿಡಿಯಲೇಬೇಕು ಅಂದರೆ ಶಾಕಲ್ ಬಳಸಿ. ಇದು 2017ರಲ್ಲಿ ಡಬ್ಲ್ಯೂ3ಸಿ ತಂದದ್ದು, ಇರುವ ಡೇಟಾವನ್ನು ಇದ್ದ ಹಾಗೆ ಪರೀಕ್ಷಿಸುತ್ತದೆ: ಟ್ರಿಪ್‌ಗೆ ಬಂದರು ಬರೆದಿಲ್ಲವಾ, ತಪ್ಪು. ಅರ್ಥ ಔಲ್‌ನಲ್ಲಿ, ಪರೀಕ್ಷೆ ಶಾಕಲ್‌ನಲ್ಲಿ. ಒಂದರ ಕೆಲಸವನ್ನು ಇನ್ನೊಂದರಿಂದ ಮಾಡಿಸಲು ಹೋಗಬೇಡಿ.

"ಒಂದು ಬಗೆ", "ಒಂದು ಭಾಗ"

ಸಬ್‌ಕ್ಲಾಸ್ ಎಂಬ ಗೆರೆಯನ್ನು ಜನ ಎಲ್ಲದಕ್ಕೂ ಬಳಸುತ್ತಾರೆ. "ಪ್ರತಿ ಪರ್ಸೀನ್ ಬೋಟೂ ಒಂದು ಬೋಟು" ಎಂದು ಹೇಳಲು ಬರುತ್ತದೆ, ಅದು ಸಬ್‌ಕ್ಲಾಸ್. "ಪ್ರತಿ ಮಲ್ಪೆಯೂ ಒಂದು ಉಡುಪಿ ಜಿಲ್ಲೆ" ಎಂದು ಹೇಳಲು ಬರುವುದಿಲ್ಲ. ಮಲ್ಪೆ ಉಡುಪಿ ಜಿಲ್ಲೆಯ ಒಳಗಿದೆ, ಅಷ್ಟೇ. ಅದಕ್ಕೆ "ಒಳಗಿದೆ" ಎಂಬ ಪ್ರಾಪರ್ಟಿ ಮಾಡಿ ಟ್ರಾನ್ಸಿಟಿವ್ ಎಂದು ಗುರುತಿಸಿ. ಮಲ್ಪೆ ಉಡುಪಿ ತಾಲ್ಲೂಕಿನ ಒಳಗೆ, ತಾಲ್ಲೂಕು ಜಿಲ್ಲೆಯ ಒಳಗೆ, ಜಿಲ್ಲೆ ಕರ್ನಾಟಕದ ಒಳಗೆ ಎಂದರೆ ಉಳಿದದ್ದನ್ನು ರೀಸನರ್ ಕಟ್ಟಿಕೊಳ್ಳುತ್ತದೆ. ಹಳೆಯ ದಾಖಲೆ ಇದ್ದರೆ ಇಲ್ಲೂ ಕಾಲದ ಮಾತು ಬರುತ್ತದೆ: ಉಡುಪಿ ಜಿಲ್ಲೆ ಆದದ್ದು 1997ರಲ್ಲಿ, ಅದಕ್ಕಿಂತ ಹಿಂದಿನ ಮಲ್ಪೆಯ ಕಾಗದಗಳಲ್ಲಿ ದಕ್ಷಿಣ ಕನ್ನಡ ಎಂದೇ ಇರುತ್ತದೆ.

ಬಂಗುಡೆ ಕ್ಲಾಸ್ ಆಗಬೇಕಾ, ಇಂಡಿವಿಜುವಲ್ ಆಗಬೇಕಾ? ಬುಟ್ಟಿಯಲ್ಲಿರುವ ಒಂದೊಂದು ಮೀನಿನ ಬಗ್ಗೆಯೂ ನೀವು ಬರೆಯುತ್ತೀರಾದರೆ ಕ್ಲಾಸ್. ನಾವು ಬರೆಯುವುದು ರಾಶಿಯ ಬಗ್ಗೆ, ರಾಶಿ ಯಾವ ಜಾತಿಯ ಮೀನಿನದ್ದು ಎಂದು ಮಾತ್ರ. ಹಾಗಾಗಿ "ಮೀನಿನ ಜಾತಿ" ಒಂದು ಕ್ಲಾಸ್, ಬಂಗುಡೆ, ಬೂತಾಯಿ, ಅಂಜಲ್ ಅದರ ಇಂಡಿವಿಜುವಲ್‌ಗಳು.

ತಾಯಿಯ ಬಳಿ ಮಕ್ಕಳಿಗೆ

ಕೆಲವು ಪಾಲುಗಳು ಕುಟುಂಬದ ಹೆಸರಲ್ಲಿದ್ದವು. ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಕಟ್ಟು ಇರುವ ಮನೆಗಳಲ್ಲಿ ತಾಯಿಯ ಬಳಿಯೇ ಮಕ್ಕಳ ಬಳಿ. ಬಳಿ ಅಂದರೆ ಇಲ್ಲಿ ಕುಲ. ತುಳುವಿನಲ್ಲಿ ಬರಿ ಎನ್ನುತ್ತೇವೆ. ಪ್ರತಿಯೊಬ್ಬರಿಗೂ ಬಳಿ ಬರೆಯುವ ಬದಲು ಒಂದು ಚೈನ್ ಸಾಕು: "ತಾಯಿ" ಆದಮೇಲೆ "ಬಳಿ" ಬಂದರೆ ಅದು "ಬಳಿ". ಅಜ್ಜಿಗೆ ಒಮ್ಮೆ ಬರೆದರೆ ಹೆಣ್ಣುಮಕ್ಕಳ ಮೂಲಕ ಕೆಳಗಿನವರಿಗೆಲ್ಲ ಇಳಿಯುತ್ತದೆ, ಗಂಡುಮಕ್ಕಳ ಮಕ್ಕಳಿಗೆ ಹೋಗುವುದಿಲ್ಲ, ಊರಿನ ಲೆಕ್ಕದಲ್ಲಿ ಹೇಗೋ ಹಾಗೆಯೇ. "ತಾಯಿ" ಆದಮೇಲೆ "ಅಣ್ಣ ಅಥವಾ ತಮ್ಮ" ಬಂದರೆ "ಸೋದರಮಾವ". ನಮ್ಮ ಸಂಬಂಧದ ಪದಗಳು ಎಷ್ಟು ಖಚಿತ ಎಂದರೆ, ಅವನ್ನು ಔಲ್‌ಗೆ ಬರೆಯುವುದು ಇಂಗ್ಲಿಷ್‌ನ ಅಂಕಲ್‌ಗಿಂತ ಎಷ್ಟೋ ಸುಲಭ.

ಇಲ್ಲಿ ಒಂದು ನಿಯಮ ಕಾಡುತ್ತದೆ. ಒಬ್ಬರಿಗೆ ಒಂದೇ ಬಳಿ ಅಲ್ವಾ ಅಂತ ಅದಕ್ಕೆ ಫಂಕ್ಷನಲ್ ಕೂಡ ಹಾಕಲು ಹೋದರೆ ಹರ್ಮಿಟ್ ನಿಂತುಬಿಡುತ್ತದೆ. ಚೈನ್‌ನಿಂದ ಹುಟ್ಟುವ ಪ್ರಾಪರ್ಟಿಗೂ ಟ್ರಾನ್ಸಿಟಿವ್ ಪ್ರಾಪರ್ಟಿಗೂ ಫಂಕ್ಷನಲ್, ಮಿನ್, ಮ್ಯಾಕ್ಸ್ ಹಾಕಲು ಔಲ್ ಡಿಎಲ್‌ನಲ್ಲಿ ಅನುಮತಿ ಇಲ್ಲ. ಎರಡರಲ್ಲಿ ಒಂದು ಆರಿಸಬೇಕು. ನಾನು ಚೈನ್ ಇಟ್ಟುಕೊಂಡೆ, ಒಂದೇ ಬಳಿ ಇದೆಯಾ ಎಂಬ ಪರೀಕ್ಷೆಯನ್ನು ಶಾಕಲ್‌ಗೆ ಕೊಟ್ಟೆ. ಆದರೆ ರೀಸನರ್ ಕಟ್ಟಿದ ಮಾತುಗಳನ್ನೂ ಸೇರಿಸಿ ಫೈಲ್ ಮಾಡಿಕೊಂಡು ಅದರ ಮೇಲೆ ಶಾಕಲ್ ಓಡಿಸಿ, ಇಲ್ಲದಿದ್ದರೆ ಅದಕ್ಕೆ ನೋಡಲು ಏನೂ ಇರುವುದಿಲ್ಲ.

ದಿನಾಂಕದ ತೊಂದರೆಯನ್ನೂ ಹೇಳಿಬಿಡುತ್ತೇನೆ. ಬರೀ ದಿನಾಂಕ ಹೇಳುವ ಡೇಟ್ ಎಂಬ ಡೇಟಾಟೈಪ್ ಔಲ್ 2ರ ಪಟ್ಟಿಯಲ್ಲೇ ಇಲ್ಲ. ಹಾಕಿದರೆ ಹರ್ಮಿಟ್ ಈ ಡೇಟಾಟೈಪ್ ಗೊತ್ತಿಲ್ಲ ಎಂದು ನಿಲ್ಲುತ್ತದೆ, ನಿಮ್ಮ ಗೆರೆಗಳಲ್ಲೇ ಏನೋ ತಪ್ಪಿದೆ ಎಂದು ನೀವು ಗಂಟೆಗಟ್ಟಲೆ ಹುಡುಕುತ್ತೀರಿ. ದಿನ-ಸಮಯ ಎರಡೂ ಇರುವ ಡೇಟ್‌ಟೈಮ್ ಬಳಸಿ, ವರ್ಷ ಮಾತ್ರ ಬೇಕಿದ್ದರೆ ಪೂರ್ಣಾಂಕವಾಗಿ ಬರೆಯಿರಿ. ಬೋಟಿಗೆ ಇದೇ ಸರಿ ಕೂಡ, ನಸುಕಿಗೆ ಹೊರಡುವ ಟ್ರಿಪ್ ಯಾವ ದಿನದ್ದು ಎಂಬ ಗೊಂದಲ ತಪ್ಪುತ್ತದೆ.

ಓಡಿಸಿ ನೋಡುವುದು

ಐದಾರು ಗೆರೆ ಬರೆದ ಕೂಡಲೇ ರೀಸನರ್ ಓಡಿಸಿ, ಐವತ್ತು ಆಗುವ ತನಕ ಕಾಯಬೇಡಿ. ಪ್ರೊಟೇಜೆಯ ರೀಸನರ್ ಮೆನುವಿನಲ್ಲಿ ಹರ್ಮಿಟ್ ಆರಿಸಿ ಶುರು ಮಾಡಿ. ಅದು ಕಟ್ಟಿದ ಮಾತುಗಳು ಹಳದಿ ಹಿನ್ನೆಲೆಯಲ್ಲಿ ಕಾಣುತ್ತವೆ, ಪಕ್ಕದ ಪ್ರಶ್ನೆಚಿಹ್ನೆ ಒತ್ತಿದರೆ ಯಾವ ಯಾವ ಸಾಲಿನಿಂದ ಆ ತೀರ್ಮಾನಕ್ಕೆ ಬಂತು ಎಂದು ತೋರಿಸುತ್ತದೆ. ಐಸ್ ಯಾಕೆ ಮೀನಾಯಿತು ಎಂದು ನನಗೆ ತಿಳಿದದ್ದು ಅಲ್ಲೇ. ಕೆಂಪು ಅಕ್ಷರದಲ್ಲಿ ಬಂದ ಕ್ಲಾಸ್ ಎಂದರೆ ಅದರೊಳಗೆ ಯಾವುದೂ ಇರಲು ಸಾಧ್ಯವಿಲ್ಲದಂತೆ ನೀವು ಬರೆದಿದ್ದೀರಿ ಎಂದು.

ಪ್ರಶ್ನೆ ಕೇಳುವಾಗ ಒಂದು ಎಚ್ಚರ. ಪ್ರೊಟೇಜೆಯ ಮಾಮೂಲಿ ಸ್ಪಾರ್ಕಲ್ ಟ್ಯಾಬ್ ನೀವು ಬರೆದದ್ದನ್ನು ಮಾತ್ರ ನೋಡುತ್ತದೆ, ರೀಸನರ್ ಕಟ್ಟಿದ್ದನ್ನಲ್ಲ. "ಮಾಲೀಕ" ಎಂದು ಕೇಳಿದರೆ ಉತ್ತರ ಖಾಲಿ ಬರುತ್ತದೆ, ಚೈನ್ ಕೆಟ್ಟಿದೆ ಅಂದುಕೊಳ್ಳಬೇಡಿ. ಡಿಎಲ್ ಕ್ವೆರಿ ಟ್ಯಾಬ್‌ನಲ್ಲಿ ಕೇಳಿ, ಅಥವಾ ತೀರ್ಮಾನಗಳನ್ನು ಸೇರಿಸಿ ಉಳಿಸಿದ ಫೈಲಿನ ಮೇಲೆ ಸ್ಪಾರ್ಕಲ್ ಓಡಿಸಿ. ಮತ್ತು ಡೇಟಾ ತುಂಬಾ ಇದ್ದರೆ ಕೈಯಿಂದ ಟೈಪ್ ಮಾಡಬೇಡಿ. ಟೇಬಲ್‌ನಿಂದ ಟ್ರಿಪಲ್‌ಗೆ ತರುವ ಆರ್2ಆರ್‌ಎಂಎಲ್ ಎಂಬ ಭಾಷೆ 2012ರಿಂದ ಇದೆ, ಯಾವ ಕಾಲಂ ಯಾವ ಪ್ರಾಪರ್ಟಿ ಎಂದು ಒಮ್ಮೆ ಬರೆದಿಟ್ಟರೆ ಸಾಕು.

ಕೊನೆಗೆ ಮೊದಲ ಹಾಳೆಗೆ ವಾಪಸ್ ಬನ್ನಿ. ಅಲ್ಲಿ ಬರೆದ ಪ್ರತಿ ವಾಕ್ಯಕ್ಕೂ ಒಂದು ಪ್ರಶ್ನೆ ಮಾಡಿ, ಉತ್ತರವನ್ನು ವಾಕ್ಯ ಹೇಳಿದವರಿಗೇ ತೋರಿಸಿ. ನಾನು ಮಾವನಿಗೆ ತೋರಿಸಿದ ಮೊದಲ ಪಟ್ಟಿ ಬೋಟು3ರ ಮಾಲೀಕರದ್ದು. ಐದು ಹೆಸರು ಬಂದಿತ್ತು. ಕನ್ನಡಕ ಏರಿಸಿ ನೋಡಿ, ಇವರು ಪಾಲು ಬಿಟ್ಟು ಮೂರು ವರ್ಷ ಆಯಿತಲ್ಲ ಎಂದು ಒಂದು ಹೆಸರಿನ ಮೇಲೆ ಬೆರಳಿಟ್ಟರು. ಆ ಚೈನನ್ನು ಅವತ್ತೇ ಬದಲಿಸಿದೆ.